ಮೊದಲು ಮಾಸುವುದು ಬಣ್ಣ

ಯುದ್ಧವಿಮಾನದ ಪೈಲಟ್‌ಗಳ ದೇಹದ ಮೇಲೆ ಬೀಳುವ, ಮೈತೂಕವನ್ನು ಹಲವು ಪಟ್ಟು ಏರಿಸುವ ಜಿ ಬಲದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ, ‘ವಿಮಾನ ಜೋರಾಗಿ ತಿರುವು ತೆಗೆದುಕೊಂಡಾಗ ಪೈಲಟ್‌ಗೆ ಮೊದಲು ಬಣ್ಣ ಕಾಣದಾಗುತ್ತದೆ, ಆಮೇಲೆ ನೋಟವೇ ಹೋಗುತ್ತದೆ’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ವಾಕ್ಯವನ್ನೇ ಹಿಡಿದು ಕೇಳಿವೆ. ವಾಯುಯಾನ ವೈದ್ಯೆಯಾಗಿ ನನ್ನ ಕೆಲಸದ ಬಹುಪಾಲು ವರ್ಷಗಳು ಕಳೆದದ್ದು ಇದರ ಜೊತೆಗೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಕಣ್ಣು ತೆರೆದೇ ಇರುತ್ತದೆ, ಎದುರಿಗೆ ಬೆಳಕೂ ಇರುತ್ತದೆ. ಹಾಗಿದ್ದೂ ಬಣ್ಣ ಮಾತ್ರ ಹೋಗುವುದು ಹೇಗೆ? ಆಗ ನಿಜಕ್ಕೂ ಏನು ಕಾಣುತ್ತದೆ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದನ್ನು ನಾನೇ ಕಂಡಿದ್ದೇನೆ.

ಪೈಲಟ್‌ಗಳ ತರಬೇತಿಗೆ ಸೆಂಟ್ರಿಫ್ಯೂಜ್ ಎಂಬ ಯಂತ್ರವಿದೆ. ಉದ್ದನೆಯ ಉಕ್ಕಿನ ತೋಳು, ಅದರ ತುದಿಯಲ್ಲಿ ಒಬ್ಬರು ಕೂರುವಷ್ಟು ಗೂಡು. ತೋಳು ತಿರುಗತೊಡಗಿದರೆ ಒಳಗೆ ಕೂತವರ ತೂಕ ಎರಡು ಪಟ್ಟು, ಮೂರು ಪಟ್ಟು, ಆರು ಪಟ್ಟಾಗುತ್ತ ಹೋಗುತ್ತದೆ. ನೆಲದ ಮೇಲೆ ನಾವೆಲ್ಲ ಅನುಭವಿಸುವುದು 1 ಜಿ. ನಾಲ್ಕು ಪಟ್ಟು ತೂಕವಾದರೆ 4 ಜಿ. ಗೂಡಿನೊಳಗೆ ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಪಟ್ಟಿ. ಅದರ ನಡುವೆ ಕೆಂಪು ದೀಪ, ಎರಡು ತುದಿಗಳಲ್ಲಿ ಒಂದೊಂದು ಹಸಿರು ದೀಪ. ನೋಟವನ್ನು ಕೆಂಪಿನ ಮೇಲೇ ನೆಡಬೇಕು. ಕಣ್ಣಂಚಿನಲ್ಲಿರುವ ಹಸಿರು ದೀಪಗಳು ಕಾಣದಾದ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು.

ಪೈಲಟ್‌ಗಳಿಗೆ ಏನಾಗುತ್ತದೆಂದು ತಿಳಿಯದೆ ಅವರಿಗೆ ಪಾಠ ಹೇಳಬಾರದೆಂದು ನಾನೂ ಅದರಲ್ಲಿ ಕೂತೆ. ರಕ್ತ ಕೆಳಗಿಳಿಯದಂತೆ ಕಾಲು ಹೊಟ್ಟೆಗಳನ್ನು ಅದುಮುವ ಜಿ-ಸೂಟ್ ಎಂಬ ಉಡುಪು ಇರಲಿಲ್ಲ, ಮೈ ಬಿಗಿ ಹಿಡಿಯಬೇಡಿ ಎಂದಿದ್ದರು. 3 ಜಿ ದಾಟುವಾಗ ಕೆನ್ನೆ ಜೋತು ಬಿದ್ದದ್ದು ಗೊತ್ತಾಯಿತು, ತೊಡೆಯ ಮೇಲಿಟ್ಟ ಕೈ ಎತ್ತಲಾಗಲಿಲ್ಲ. ಇನ್ನೇನು 4 ಜಿ ಅನ್ನುವಾಗ ಎಡಬದಿಯ ಹಸಿರು ದೀಪ ಏನೋ ಬದಲಾದಂತೆ ಅನ್ನಿಸಿತು. ಆರಿರಲಿಲ್ಲ, ಉರಿಯುತ್ತಲೇ ಇತ್ತು, ಆದರೆ ಹಸಿರಾಗಿರಲಿಲ್ಲ. ಒದ್ದೆ ಬೂದಿಯ ಮೇಲೆ ಬೆಳಕು ಬಿದ್ದ ಹಾಗೆ ಬಣ್ಣಗೆಟ್ಟ ಒಂದು ಚುಕ್ಕೆ. ಮೇಲುಡುಪಿನ ತೋಳಿಗೆ ಕಿತ್ತಳೆ ಬಣ್ಣದ ಪಟ್ಟಿ ಹೊಲಿದಿದ್ದರು. ಕಣ್ಣಿನ ಕೆಳಂಚಿಗೆ ಬೀಳುತ್ತಿದ್ದ ಅದೂ ಮಾಸಲು. ಮರುಕ್ಷಣ ಸುತ್ತಲಿಂದ ಮಬ್ಬು ಒತ್ತಿ ಬಂತು, ಕೊಳವೆಯೊಳಗಿಂದ ನೋಡಿದಂತೆ ನಡುವೆ ಕೆಂಪು ದೀಪವೊಂದೇ ಉಳಿಯಿತು. ಗುಂಡಿ ಒತ್ತಿದೆ. ತೋಳಿನ ವೇಗ ಇಳಿದಂತೆ ನಡುವಿನಿಂದ ಅಂಚಿಗೆ ಬಣ್ಣ ಹಬ್ಬುತ್ತ ಹಿಂತಿರುಗಿತು. ಎರಡು ಮೂರು ಸೆಕೆಂಡು, ಅಷ್ಟೇ. ಕೆಂಪು ದೀಪದ ಬೆಳಕನ್ನು ಯಾರೋ ಹೆಚ್ಚಿಸಿದರೇನೋ ಅನ್ನಿಸುವಷ್ಟು ಪ್ರಖರವಾಗಿ ಕಂಡಿತು.

ಈಗ ‘ಹೇಗೆ’ ಎಂಬುದಕ್ಕೆ ಬರೋಣ. ಕಣ್ಣಿನಲ್ಲಿ ಆಗ ಯಾವ ದೋಷವೂ ಇರುವುದಿಲ್ಲ. ಅಲ್ಲಿಗೆ ರಕ್ತ ತಲುಪುತ್ತಿಲ್ಲ, ಇಷ್ಟೇ ವಿಷಯ.

ಹೃದಯಕ್ಕಿಂತ ಕಣ್ಣು ಸುಮಾರು 30 ಸೆಂಟಿಮೀಟರ್ ಮೇಲಿದೆ. ಅಷ್ಟು ಎತ್ತರಕ್ಕೆ ರಕ್ತವನ್ನು ಏರಿಸುವುದಕ್ಕೆ ಹೃದಯ ಪ್ರತಿ ಜಿಗೂ ಸುಮಾರು 22 ಮಿಲಿಮೀಟರ್ ಪಾದರಸದಷ್ಟು ಒತ್ತಡ ಖರ್ಚು ಮಾಡಬೇಕು. ಹೃದಯದ ಮಟ್ಟದಲ್ಲಿ ಮೇಲಿನ ರಕ್ತದೊತ್ತಡ 120 ಎಂದಿಟ್ಟುಕೊಳ್ಳಿ. ನೆಲದ ಮೇಲೆ ಕಣ್ಣಿಗೆ ಸಿಗುವುದು 98. 4 ಜಿಗೆ ಬಂದರೆ 88 ಕಳೆದು ಉಳಿಯುವುದು 32. 5 ಜಿಗೆ ಬರೀ 10. ಇನ್ನೊಂದು ಸಂಗತಿ: ಕಣ್ಣುಗುಡ್ಡೆ ಗಾಳಿ ತುಂಬಿದ ಚೆಂಡಿನಂತೆ ಒಳಗಿನಿಂದ ಬಿಗಿಯಾಗಿರುತ್ತದೆ. ಆ ಒಳಒತ್ತಡ ಸುಮಾರು 15. ರಕ್ತದ ಒತ್ತಡ ಅದಕ್ಕಿಂತ ಕೆಳಗಿಳಿದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ಪದರವಾದ ಅಕ್ಷಿಪಟಲದ ರಕ್ತನಾಳಗಳು ಹಿಸುಕಿಕೊಂಡು ಮುಚ್ಚುತ್ತವೆ. ಮೆದುಳಿಗೆ ಇನ್ನೂ ಒಂದಿಷ್ಟು ರಕ್ತ ಹೋಗುತ್ತಿರುವಾಗಲೇ ಕಣ್ಣು ಕುರುಡಾಗುವುದು ಇದೇ ಕಾರಣಕ್ಕೆ. ಎಚ್ಚರವಿರುತ್ತದೆ, ಮಾತು ಕೇಳಿಸುತ್ತದೆ, ಯೋಚಿಸಬಹುದು, ಕಾಣುವುದಿಲ್ಲ. ಇದಕ್ಕೆ ಪೈಲಟ್‌ಗಳು ಬ್ಲ್ಯಾಕೌಟ್ ಎನ್ನುತ್ತಾರೆ. ಬಣ್ಣ ಮಾಸಿ ಅಂಚು ಮಬ್ಬಾಗುವ ಮೊದಲ ಹಂತ ಗ್ರೇಔಟ್.

ಈ ಲೆಕ್ಕ ಕಾಗದದ ಮೇಲಿನದಷ್ಟೇ ಅಲ್ಲ. 1954ರಲ್ಲಿ ಅಮೆರಿಕದ ನೌಕಾಪಡೆಯ 1000 ಜನರನ್ನು, ಮೈ ಸಡಿಲ ಬಿಟ್ಟ ಸ್ಥಿತಿಯಲ್ಲಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ನೋಡಿದರು. ಅಂಚಿನ ನೋಟ ಹೋದದ್ದು ಸರಾಸರಿ 4.1 ಜಿಗೆ, ಪೂರ್ತಿ ಕತ್ತಲಾದದ್ದು 4.7ಕ್ಕೆ, ಎಚ್ಚರ ತಪ್ಪಿದ್ದು 5.4ಕ್ಕೆ. ಮೇಲಿನ ಲೆಕ್ಕದಲ್ಲಿ ಕಣ್ಣಿನ ರಕ್ತದೊತ್ತಡ 15ಕ್ಕಿಂತ ಕೆಳಗಿಳಿಯುವುದು ಎಲ್ಲಿ, ಸೊನ್ನೆಯಾಗುವುದು ಎಲ್ಲಿ ಎಂದು ನೀವೇ ಹಾಕಿ ನೋಡಿ. ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಇದಕ್ಕಿಂತ ಸುಂದರವಾದ ಪ್ರಯೋಗವೊಂದು ಎರಡನೇ ಮಹಾಯುದ್ಧದ ಕಾಲದಲ್ಲಿ ನಡೆದಿತ್ತು. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಎಡ್ವರ್ಡ್ ಲ್ಯಾಂಬರ್ಟ್ ಎಂಬ ವೈದ್ಯರು ಕಣ್ಣಿಗೆ ಗಾಳಿಯಾಡದ ಕನ್ನಡಕ ಹಾಕಿಸಿ, ಅದರೊಳಗಿನ ಗಾಳಿಯನ್ನು ಹೀರಿ ತೆಗೆದರು. ಕಣ್ಣಿನ ಮೇಲಿನ ಒತ್ತಡ ಇಳಿದದ್ದೇ ತಡ, ಮೊದಲು ಕತ್ತಲಾಗುತ್ತಿದ್ದ ಜಿಯಲ್ಲೂ ನೋಟ ಉಳಿಯಿತು. ಕತ್ತಲೆ ಹುಟ್ಟುವುದು ಕಣ್ಣಿನಲ್ಲೇ, ಮೆದುಳಿನಲ್ಲಲ್ಲ ಎಂಬುದು ಹೀಗೆ ಖಚಿತವಾಯಿತು.

ಬಣ್ಣವೇ ಏಕೆ ಮೊದಲು ಎಂದರೆ, ಬಣ್ಣ ಎನ್ನುವುದು ಹೋಲಿಕೆಯ ಕೆಲಸ. ಬಣ್ಣವನ್ನು ಹಿಡಿಯುವ ಮೂರು ಬಗೆಯ ಶಂಕುಕೋಶಗಳಿಂದ ಬರುವ ಸಂಕೇತಗಳನ್ನು ಅಕ್ಷಿಪಟಲದ ಒಳಪದರದ ನರಕೋಶಗಳು ಒಂದಕ್ಕೊಂದು ಹೋಲಿಸಿ, ನಡುವಿನ ಸಣ್ಣ ವ್ಯತ್ಯಾಸವನ್ನು ಮೆದುಳಿಗೆ ಕಳಿಸುತ್ತವೆ. ಬೆಳಕಿದೆಯೋ ಇಲ್ಲವೋ ಎಂದು ಹೇಳಲು ಇಷ್ಟು ನಾಜೂಕು ಬೇಕಿಲ್ಲ. ಎಲ್ಲ ಸಂಕೇತಗಳೂ ಒಟ್ಟಿಗೆ ದುರ್ಬಲವಾದಾಗ ಸಣ್ಣ ವ್ಯತ್ಯಾಸ ಮೊದಲು ಅಳಿಸಿಹೋಗುತ್ತದೆ. ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ಬಳಸುವ ಅಂಗಾಂಶಗಳಲ್ಲಿ ಅಕ್ಷಿಪಟಲವೂ ಒಂದು, ಅದಕ್ಕೆ ಉಳಿತಾಯವೆಂದು ಇರುವುದು ಐದು ಸೆಕೆಂಡಿನಷ್ಟು ಮಾತ್ರ. ಅಂಚಿನ ಭಾಗಕ್ಕೆ ರಕ್ತ ಒಯ್ಯುವವು ನಾಳದ ತುದಿಯ ಕವಲುಗಳು. ಕೊನೆಯ ಹೊಲಕ್ಕೆ ನೀರು ತಲುಪದ ಕಾಲುವೆಯ ಹಾಗೆ ಅಲ್ಲೇ ಮೊದಲು ಬರ.

ಪ್ರಶ್ನೆ: ನನ್ನ ಮಗ ವಿಮಾನ ಹಾರಾಟದ ತರಬೇತಿಯಲ್ಲಿದ್ದಾನೆ. ಮೊನ್ನೆ ಫೋನಿನಲ್ಲಿ ಮಾತಾಡುತ್ತ ‘ಇವತ್ತು ಒಂದು ಕ್ಷಣ ಎಲ್ಲಾ ಬೂದು ಬೂದಾಯ್ತಮ್ಮ’ ಅಂದ. ಅಂದಿನಿಂದ ನನಗೆ ನಿದ್ದೆ ಇಲ್ಲ. ಹೀಗೆ ಪದೇ ಪದೇ ಆದರೆ ಅವನ ಕಣ್ಣು ಹಾಳಾಗುವುದಿಲ್ಲವೇ ಡಾಕ್ಟ್ರೇ? (ಒಬ್ಬ ತಾಯಿ)

ಉತ್ತರ: ಇಲ್ಲ ತಾಯಿ. ತಲೆಯಿಂದ ಕಾಲಿನ ಕಡೆಗೆ ಎಳೆಯುವ ಜಿಯಿಂದ ಒಂದೆರಡು ಸೆಕೆಂಡು ಬಣ್ಣ ಮಾಸಿ ಮತ್ತೆ ಬಂದರೆ ಕಣ್ಣಿಗೆ ಗಾಯವಾಗುವುದಿಲ್ಲ. ರಕ್ತ ಹಿಂತಿರುಗಿದ ಕೂಡಲೇ ಕೋಶಗಳು ಮೊದಲಿನಂತೆ ಕೆಲಸ ಮಾಡುತ್ತವೆ. ಮೊಣಕೈ, ತೊಡೆ, ಬೆನ್ನಿನ ಕೆಳಗೆ ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕೆಗಳನ್ನು ಅವನು ತೋರಿಸಿದರೂ ಗಾಬರಿಯಾಗಬೇಡಿ. ತೂಕ ಏರಿದಾಗ ಚರ್ಮದ ಸಣ್ಣ ರಕ್ತನಾಳಗಳು ಒಡೆದು ಹಾಗಾಗುತ್ತದೆ, ಕೆಲವು ದಿನಗಳಲ್ಲಿ ತಾನಾಗಿ ಮಾಯುತ್ತದೆ.

ಕಣ್ಣಿಗೆ ನಿಜವಾಗಿ ಪೆಟ್ಟಾದ ಉದಾಹರಣೆ ಬೇರೆ ದಿಕ್ಕಿನ ಬಲದ್ದು. ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ 1954ರ ಡಿಸೆಂಬರ್ 10ರಂದು ರಾಕೆಟ್ ಕಟ್ಟಿದ ಬಂಡಿಯಲ್ಲಿ ತಾವೇ ಕೂತು, ಗಂಟೆಗೆ 1000 ಕಿಲೋಮೀಟರ್ ಮೀರಿದ ವೇಗದಿಂದ ಸುಮಾರು 1.4 ಸೆಕೆಂಡಿನಲ್ಲಿ ನಿಂತರು. 46.2 ಜಿ. ಕಣ್ಣಿನ ರಕ್ತನಾಳಗಳು ಒಡೆದವು, ಬಂಡಿಯಿಂದ ಇಳಿಸಿದಾಗ ಅವರಿಗೆ ಏನೂ ಕಾಣುತ್ತಿರಲಿಲ್ಲ. ಅಂಥದ್ದಾದ ಮೇಲೂ ಅವರ ನೋಟ ಹಿಂತಿರುಗಿತು. ನಿಮ್ಮ ಮಗನಿಗೆ ಆದದ್ದು ಆ ಜಾತಿಗೆ ಸೇರಿದ್ದೇ ಅಲ್ಲ.

ನನ್ನ ಕಾಳಜಿ ಕಣ್ಣಿನದಲ್ಲ, ಬೇರೆ. ಬೂದು ಬಂತೆಂದರೆ ಮೆದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತಿದೆ ಎಂದರ್ಥ. ಮೊನ್ನೆಯ ದಿನ ಅವನು ಸರಿಯಾಗಿ ನೀರು ಕುಡಿದಿದ್ದನೇ, ರಾತ್ರಿ ನಿದ್ದೆ ಮಾಡಿದ್ದನೇ, ಹೊಟ್ಟೆಗೆ ಏನಾದರೂ ತಿಂದು ಹೋಗಿದ್ದನೇ, ಜ್ವರ ಭೇದಿ ಏನಾದರೂ ಆಗಿತ್ತೇ ಎಂದು ಕೇಳಿ. ಕೆಲವು ವಾರ ಹಾರಾಟ ಬಿಟ್ಟು ಮತ್ತೆ ಶುರು ಮಾಡಿದವರಿಗೂ ಜಿ ತಡೆಯುವ ಶಕ್ತಿ ತಗ್ಗಿರುತ್ತದೆ. ನಿಮಗೆ ಹೇಳಿದ್ದನ್ನು ತನ್ನ ತರಬೇತುದಾರರಿಗೂ ಘಟಕದ ವೈದ್ಯರಿಗೂ ಹೇಳಲಿ. ಹೇಳಿದರೆ ಹಾರಾಟ ನಿಲ್ಲಿಸಿಬಿಡುತ್ತಾರೆಂದು ಹುಡುಗರು ಮುಚ್ಚಿಡುತ್ತಾರೆ. ನಾನು ಅಂಥವರನ್ನು ತುಂಬ ನೋಡಿದ್ದೇನೆ, ಅವರ ಹೆದರಿಕೆಯೂ ನನಗೆ ಅರ್ಥವಾಗುತ್ತದೆ. ಆದರೆ ತಿದ್ದಿಕೊಳ್ಳಬಹುದಾದ ತಪ್ಪು ಮುಚ್ಚಿಟ್ಟರೆ ತಿದ್ದುವವರಾರು?

ಪ್ರಶ್ನೆ: ಎಲ್ಲಕ್ಕಿಂತ ಮೊದಲು ಹೋಗುವ ಬಣ್ಣ ಯಾವುದು? ಕೆಂಪೋ, ನೀಲಿಯೋ? ಹಾಗಿದ್ದರೆ ವಿಮಾನದ ಅಪಾಯದ ದೀಪಗಳನ್ನು ಕೆಂಪು ಮಾಡಿದ್ದೇಕೆ? (ಉಪಕರಣಗಳ ವಿನ್ಯಾಸ ಮಾಡುವವರೊಬ್ಬರು)

ಉತ್ತರ: ಒಂದಾದ ಮೇಲೊಂದು ಬಣ್ಣ ಆರಿಹೋಗುವುದಿಲ್ಲ. ಎಲ್ಲ ಬಣ್ಣಗಳೂ ತೊಳೆದು ತೊಳೆದು ಮಾಸಿದ ಬಟ್ಟೆಯಂತೆ ಒಟ್ಟಿಗೆ ಕಾಂತಿಗೆಡುತ್ತವೆ. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗಿನ ಕಥೆ ಸ್ವಲ್ಪ ಬೇರೆ. ಅಲ್ಲಿ ನೀಲಿ ಮತ್ತು ಹಳದಿ ಛಾಯೆಗಳನ್ನು ಬೇರ್ಪಡಿಸುವ ಶಕ್ತಿ ಬೇಗ ಕುಂದುತ್ತದೆ. ನೀಲಿಯನ್ನು ಹಿಡಿಯುವ ಶಂಕುಕೋಶಗಳು ಮೊದಲೇ ಕಡಿಮೆ, ಒಟ್ಟು ಶಂಕುಕೋಶಗಳಲ್ಲಿ ನೂರಕ್ಕೆ ಹತ್ತರಷ್ಟೂ ಇಲ್ಲ. ನೋಟದ ನಟ್ಟನಡುವಿನ ಬಿಂದುವಿನಲ್ಲಂತೂ ಇಲ್ಲವೇ ಇಲ್ಲ.

ನಿಮ್ಮ ಎರಡನೇ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಅಪಾಯಕ್ಕೆ ಕೆಂಪು, ಎಚ್ಚರಿಕೆಗೆ ಕಿತ್ತಳೆ-ಹಳದಿ ಎಂಬುದು ಎಲ್ಲ ದೇಶಗಳ ಕಾಕ್‌ಪಿಟ್‌ಗಳಲ್ಲೂ ರೂಢಿ. ಸಮಾಧಾನದಲ್ಲಿ ಹಾರುವಾಗ ಇದು ಒಳ್ಳೆಯ ರೂಢಿಯೇ. 5 ಜಿಯಲ್ಲಿ ತಿರುಗುತ್ತಿರುವವನಿಗೆ ಎರಡೂ ಒಂದೇ ಮಾಸಲು ಚುಕ್ಕೆಯಾಗಬಹುದು, ಬದಿಯಲ್ಲಿದ್ದರೆ ಚುಕ್ಕೆಯೂ ಕಾಣದಿರಬಹುದು. ಹಾಗಾಗಿ ಬಣ್ಣ ಎರಡನೇ ಸಾಕ್ಷಿಯಾಗಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಸಾಕ್ಷಿ ಆಕಾರ, ಜಾಗ, ಮಿನುಗು, ಅದಕ್ಕೂ ಮೇಲೆ ದನಿ. ನೋಟ ಪೂರ್ತಿ ಹೋದ ಮೇಲೂ ಕಿವಿ ಕೆಲಸ ಮಾಡುತ್ತಿರುತ್ತದೆ ಎಂದೆನಲ್ಲ, ಮಾತಿನಲ್ಲಿ ಕೊಡುವ ಎಚ್ಚರಿಕೆ ಅದಕ್ಕೇ ಬೆಲೆಬಾಳುತ್ತದೆ. ಪೈಲಟ್‌ನ ಕಣ್ಣೆದುರಿನ ಗಾಜಿನ ಮೇಲೆ ಅಂಕಿಗಳನ್ನು ಮೂಡಿಸುವ ಹೆಡ್-ಅಪ್ ಡಿಸ್‌ಪ್ಲೇ ಒಂದೇ ಹಸಿರಿನಲ್ಲಿ ಇರುವುದನ್ನು ನೀವು ನೋಡಿರಬಹುದು. ಹಗಲಿನಲ್ಲಿ ಮನುಷ್ಯನ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೋಮೀಟರ್ ಸುತ್ತಮುತ್ತಲ ಹಳದಿ-ಹಸಿರಿಗೆ, ಅದು ಬಹುಮಟ್ಟಿಗೆ ಆ ವಲಯದಲ್ಲೇ ಇದೆ. ಅಲ್ಲಿ ಅಂಕಿಯನ್ನು ಓದುವುದು ಅದರ ಆಕಾರದಿಂದ. ಹಸಿರು ಮಾಸಿದರೂ 7 ಏಳಾಗಿಯೇ ಉಳಿಯುತ್ತದೆ.

ಪ್ರಶ್ನೆ: ನನಗೆ ಹುಟ್ಟಿನಿಂದ ಕೆಂಪು-ಹಸಿರು ಗೊಂದಲ. ಜಿ ಬಲದಲ್ಲಿ ಎಲ್ಲರ ಬಣ್ಣವೂ ಹೋಗುವುದಾದರೆ ನಮ್ಮಂಥವರನ್ನು ಮಾತ್ರ ಪೈಲಟ್ ಕೆಲಸಕ್ಕೆ ಬೇಡ ಅನ್ನುವುದು ಯಾವ ನ್ಯಾಯ? (ಒಬ್ಬ ಯುವಕ)

ಉತ್ತರ: ನಿಮ್ಮ ಬೇಸರ ನನಗೆ ತಟ್ಟಿತು. ಬಣ್ಣದೃಷ್ಟಿ ಪರೀಕ್ಷಿಸುವ ಇಶಿಹಾರ ಪುಸ್ತಕದ ಬಣ್ಣದ ಚುಕ್ಕೆಗಳ ನಡುವೆ ಅಂಕಿ ಕಾಣದೆ ಕಣ್ಣಲ್ಲಿ ನೀರು ತುಂಬಿಕೊಂಡ ಹುಡುಗರು ನನ್ನ ಮೇಜಿನ ಮುಂದೆ ಕೂತಿದ್ದಾರೆ. ಆದರೆ ಎರಡೂ ಒಂದೇ ಅಲ್ಲ. ನಿಮ್ಮದು ಶಂಕುಕೋಶದ ವರ್ಣದ್ರವ್ಯಕ್ಕೆ ಸಂಬಂಧಿಸಿದ್ದು, ತಾಯಿಯ ಎಕ್ಸ್ ವರ್ಣತಂತುವಿನಿಂದ ಬಂದದ್ದು, ಜೀವನಪೂರ್ತಿ ಇರುವಂಥದ್ದು. ಜಿಯಿಂದ ಮಾಸುವುದು ತಿರುವಿನ ಕೆಲವು ಸೆಕೆಂಡು ಮಾತ್ರ. ವಿಮಾನ ಇಳಿಸುವಾಗ, ರಾತ್ರಿ ಬೇರೆ ವಿಮಾನದ ರೆಕ್ಕೆಯ ದೀಪ ಗುರುತಿಸುವಾಗ ಪೈಲಟ್ 1 ಜಿಯಲ್ಲೇ ಇರುತ್ತಾನೆ, ಆಗ ಬಣ್ಣ ಬೇಕೇ ಬೇಕು.

ರನ್‌ವೇ ಪಕ್ಕದಲ್ಲಿ ಪಾಪಿ ಎಂಬ ನಾಲ್ಕು ದೀಪಗಳ ಸಾಲಿರುತ್ತದೆ. ಎರಡು ಬಿಳಿ ಎರಡು ಕೆಂಪು ಕಂಡರೆ ಇಳಿಯುವ ಎತ್ತರ ಸರಿ, ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ ಎಂದರ್ಥ. 2002ರ ಜುಲೈ 26ರಂದು ಅಮೆರಿಕದ ಟ್ಯಾಲಹಾಸಿಯಲ್ಲಿ ಸರಕು ವಿಮಾನವೊಂದು ನಸುಕಿನಲ್ಲಿ ಇಳಿಯುವಾಗ ರನ್‌ವೇಗಿಂತ ಮೊದಲೇ ಮರಗಳಿಗೆ ಬಡಿದು ಬಿತ್ತು. ಸಿಬ್ಬಂದಿಯ ದಣಿವಿನ ಜೊತೆಗೆ, ವಿಮಾನ ನಡೆಸುತ್ತಿದ್ದ ಸಹಪೈಲಟ್‌ನ ಬಣ್ಣದೃಷ್ಟಿಯ ಕೊರತೆಯನ್ನೂ ತನಿಖೆ ಕಾರಣಗಳ ಸಾಲಿಗೆ ಸೇರಿಸಿತು. ನಿಯಮ ಇರುವುದು ಇಂಥದ್ದಕ್ಕೆ. ಹಾಗೆಂದು ಇಶಿಹಾರ ಒಂದರಲ್ಲೇ ಕೈಚೆಲ್ಲಬೇಡಿ. ಅದು ತುಂಬ ಸೂಕ್ಷ್ಮ, ಸಣ್ಣ ಕೊರತೆಯನ್ನೂ ಹಿಡಿಯುತ್ತದೆ. ಕೊರತೆ ಎಷ್ಟೆಂದು ಅಳೆಯುವ ಲಾಂದ್ರ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆಗಳಿವೆ. ಅವುಗಳಿಗೆ ಅವಕಾಶವಿದೆಯೇ ಎಂದು ಲಿಖಿತವಾಗಿ ಕೇಳಿ.

ಪ್ರಶ್ನೆ: ವಿಮಾನ ಮೂಗು ತಗ್ಗಿಸಿ ಧುಮುಕಿದರೆ ಎಲ್ಲವೂ ಕೆಂಪಾಗುತ್ತದಂತೆ, ನಿಜವೇ?

ಉತ್ತರ: ವಿಮಾನ ನಡೆಸುವ ಹಿಡಿಕೆಯಾದ ಸ್ಟಿಕ್ಕನ್ನು ಜೋರಾಗಿ ಮುಂದಕ್ಕೆ ತಳ್ಳಿದಾಗ ಬಲ ತಿರುವುಮುರುವಾಗಿ ರಕ್ತ ತಲೆಗೆ ನುಗ್ಗುತ್ತದೆ. ಮೈನಸ್ 2, ಮೈನಸ್ 3 ಜಿಗೇ ಮುಖ ಉಬ್ಬಿ, ಕಣ್ಣು ಸಿಡಿದೀತು ಅನ್ನಿಸುತ್ತದೆ. ಕಣ್ಣಿನ ಬಿಳಿಭಾಗದಲ್ಲಿ ರಕ್ತ ಒಸರುವುದೂ ಉಂಟು. ‘ಕೆಂಪು ಪರದೆ’ ಕಂಡೆನೆಂದು ಹೇಳಿದವರಿದ್ದಾರೆ. ಕೆಳರೆಪ್ಪೆ ಮೇಲಕ್ಕೆ ಎಳೆದು ಕಣ್ಣನ್ನು ಮುಚ್ಚುವುದರಿಂದ, ಅದರ ಮೂಲಕ ಹಾಯುವ ಬೆಳಕು ಕೆಂಪಾಗಿ ಕಾಣುತ್ತದೆಂಬುದು ಅದಕ್ಕೆ ಕೊಡುವ ಒಂದು ವಿವರಣೆ. ನಾನು ಮಾತಾಡಿಸಿದ ಕಸರತ್ತು ಹಾರಾಟದ ಪೈಲಟ್‌ಗಳಲ್ಲಿ ಹೆಚ್ಚಿನವರು ಕೆಂಪನ್ನು ಕಂಡೇ ಇಲ್ಲ. ಅವರು ಹೆದರುವುದು ಅದಾದ ತಕ್ಷಣ ಬರುವ ತಿರುವಿಗೆ. ತಲೆಗೆ ರಕ್ತ ನುಗ್ಗಿದಾಗ ದೇಹ ಹೃದಯಬಡಿತವನ್ನು ನಿಧಾನ ಮಾಡಿ ರಕ್ತನಾಳಗಳನ್ನು ಸಡಿಲಿಸಿರುತ್ತದೆ. ಆ ಹೊತ್ತಿಗೆ ಸ್ಟಿಕ್ ಹಿಂದಕ್ಕೆಳೆದರೆ, ಬೇರೆ ದಿನ ಸುಲಭವಾಗಿ ತಡೆಯುವ ಜಿಗೇ ಕಣ್ಣು ಕತ್ತಲಾಗುತ್ತದೆ.

ಪ್ರಶ್ನೆ: ಹಾಸಿಗೆಯಿಂದ ದಡಕ್ಕನೆ ಎದ್ದಾಗ ನನಗೂ ಕಣ್ಣು ಮಂಜಾಗಿ ಬಣ್ಣ ಮಾಸುತ್ತದೆ. ಇದೂ ಅದೇನಾ? (ನಿವೃತ್ತ ಶಿಕ್ಷಕರು)

ಉತ್ತರ: ಅದರ ಹತ್ತಿರದ ಸಂಬಂಧಿಯೇ, ಮೇಷ್ಟ್ರೇ. ನಿಮಗೆ 1 ಜಿ ಮಾತ್ರ, ಆದರೆ ಎದ್ದು ನಿಂತಾಗ ಅರ್ಧ ಲೀಟರಿನಷ್ಟು ರಕ್ತ ಕಾಲು ಹೊಟ್ಟೆಗಳಿಗೆ ಇಳಿಯುತ್ತದೆ. ದೇಹ ಅದನ್ನು ಸರಿದೂಗಿಸುವುದು ತಡವಾದರೆ ಮಬ್ಬು. ಒಂದು ನಿಮಿಷ ಕೂತು, ಪಾದ ಆಡಿಸಿ ಏಳಿ. ಪದೇ ಪದೇ ಆಗುತ್ತಿದ್ದರೆ, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವೈದ್ಯರಿಗೆ ತೋರಿಸಿ. ಒಂದೇ ಕಣ್ಣಿಗೆ ಪರದೆ ಇಳಿಬಿಟ್ಟಂತೆ ಕತ್ತಲಾದರೆ ಅದು ಬೇರೆಯದೇ ತೊಂದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು: ಕಣ್ಣುಗುಡ್ಡೆ ಒತ್ತಿ ಹಿಡಿದರೂ ಹೀಗೇ ಆಗುತ್ತದೆಂದು ಇಬ್ಬರು ಓದುಗರು ಬರೆದಿದ್ದಾರೆ. ದಯವಿಟ್ಟು ಯಾರೂ ಮಾಡಿ ನೋಡಬೇಡಿ.

ಪ್ರಶ್ನೆ: ಬೂದು ಬಂದಾಗ ಸ್ಟಿಕ್ ಸಡಿಲಿಸಿದರೆ ನೋಟ ಮರಳುತ್ತದೆ. ಅಂದಮೇಲೆ ಬೂದು ಬರುವವರೆಗೆ ಎಳೆದು, ಬಂದ ಕೂಡಲೇ ಬಿಟ್ಟರೆ ಸಾಕಲ್ಲವೇ? (ತರಬೇತಿಯಲ್ಲಿರುವ ಪೈಲಟ್)

ಉತ್ತರ: ಸಾಲದು. ನಿಮ್ಮ ಪತ್ರ ಓದಿದ ಮೇಲೇ ಇಡೀ ಅಂಕಣ ಇದಕ್ಕೆ ಮೀಸಲಿಡಬೇಕೆಂದು ಅನ್ನಿಸಿದ್ದು.

ಜಿ ನಿಧಾನವಾಗಿ ಏರಿದರೆ ನೀವು ಹೇಳಿದ್ದು ಸರಿ. ಬಣ್ಣ ಮಾಸುತ್ತದೆ, ಅಂಚು ಮುಚ್ಚುತ್ತದೆ, ಕತ್ತಲಾಗುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹಾಗೆ. ಆದರೆ ಈಗಿನ ಯುದ್ಧವಿಮಾನಗಳು ಒಂದೆರಡು ಸೆಕೆಂಡಿನಲ್ಲೇ 1ರಿಂದ 8, 9 ಜಿಗೆ ಜಿಗಿಯುತ್ತವೆ. ಅಕ್ಷಿಪಟಲದ ಉಳಿತಾಯ ಐದು ಸೆಕೆಂಡು ಎಂದೆ. ಮೆದುಳಿನದೂ ಹೆಚ್ಚುಕಡಿಮೆ ಅಷ್ಟೇ. ಇಬ್ಬರ ರಕ್ತವೂ ಒಂದೇ ಏಟಿಗೆ ನಿಂತುಹೋದರೆ ಇಬ್ಬರ ಉಳಿತಾಯವೂ ಒಟ್ಟಿಗೆ ಮುಗಿಯುತ್ತದೆ. ಆ ಐದು ಸೆಕೆಂಡು ಎಲ್ಲವೂ ಚೆನ್ನಾಗಿ, ಬಣ್ಣಬಣ್ಣವಾಗಿ ಕಾಣುತ್ತಿರುತ್ತದೆ. ಆಮೇಲೆ ಏನೂ ಇಲ್ಲ. ಇದಕ್ಕೆ ಜಿ-ಲಾಕ್ ಎನ್ನುತ್ತಾರೆ. ಸುಮಾರು 12 ಸೆಕೆಂಡು ಪೂರ್ತಿ ಎಚ್ಚರ ತಪ್ಪಿರುತ್ತದೆ, ಕಣ್ಣು ಬಿಟ್ಟ ಮೇಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ತಾನೆಲ್ಲಿದ್ದೇನೆಂದು ತಿಳಿಯುವುದಿಲ್ಲ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ 25 ಸೆಕೆಂಡಿಗೆ ವಿಮಾನ ಆರು ಕಿಲೋಮೀಟರ್ ದಾಟಿರುತ್ತದೆ.

ಆದ್ದರಿಂದ ಬೂದು ಬರಲೆಂದು ಕಾಯಬೇಡಿ. ಸ್ಟಿಕ್ ಎಳೆಯುವುದಕ್ಕೆ ಮೊದಲೇ ಕಾಲು, ತೊಡೆ, ಪೃಷ್ಠ, ಹೊಟ್ಟೆ ಬಿಗಿಯಾಗಿರಲಿ. ಉಸಿರನ್ನು ಗಂಟಲಲ್ಲಿ ಕಟ್ಟಿ ಎದೆಯ ಒತ್ತಡ ಏರಿಸಿ, ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಬಿಟ್ಟು ಎಳೆದುಕೊಳ್ಳಿ. ನಿಮ್ಮ ಜಿ-ಸೂಟ್ ಕೊಡುವುದು ಒಂದು, ಒಂದೂವರೆ ಜಿಯಷ್ಟು ಆಸರೆ ಮಾತ್ರ. ಮಿಕ್ಕದ್ದು ಈ ಬಿಗಿತದಿಂದಲೇ ಬರಬೇಕು. ಬಿಗಿದುಕೊಂಡಿರುವಾಗಲೂ ಬಣ್ಣ ಮಾಸಿದರೆ ತಕ್ಷಣ ಸಡಿಲಿಸಿ.

ಒಬ್ಬ ತರಬೇತಿ ಪೈಲಟ್ ಸೆಂಟ್ರಿಫ್ಯೂಜ್‌ನಿಂದ ಇಳಿದು ಬಂದು, ‘ಚೆನ್ನಾಗಿತ್ತು ಮೇಡಂ, ಏನೂ ಆಗಲಿಲ್ಲ’ ಎಂದ. ಪರದೆಯ ಮುಂದೆ ಕೂರಿಸಿ ವಿಡಿಯೋ ಹಾಕಿದೆ. ಬಲ ಏರಿತು. ಅವನು ನೆಟ್ಟಗೆ ಕೆಂಪು ದೀಪವನ್ನೇ ನೋಡುತ್ತಿದ್ದ, ಕಾಲು ಬಿಗಿದಿರಲಿಲ್ಲ. ಇದ್ದಕ್ಕಿದ್ದಂತೆ ತಲೆ ಎದೆಯ ಮೇಲೆ ಕುಸಿಯಿತು. ತೋಳು ನಿಧಾನವಾಗುತ್ತಿದ್ದಾಗ ಕೈಗಳು ಒಂದೆರಡು ಸಲ ಅದುರಿದವು, ಕಣ್ಣು ತೆರೆಯಿತು, ಗೂಡನ್ನೆಲ್ಲ ಹೊಸದಾಗಿ ನೋಡುವವನಂತೆ ನೋಡಿದ. ಹದಿನೈದು ಸೆಕೆಂಡಿನಷ್ಟು ಸಮಯ ಅವನ ನೆನಪಿನಲ್ಲಿ ಇರಲೇ ಇಲ್ಲ.

ಮತ್ತೊಮ್ಮೆ ಹಾಕಿ ಎಂದ. ಮತ್ತೊಮ್ಮೆ ನೋಡಿದ. ‘ಗುಂಡಿ ನನ್ನ ಕೈಯಲ್ಲೇ ಇದೆಯಲ್ಲ ಮೇಡಂ, ಯಾಕೆ ಒತ್ತಲಿಲ್ಲ ನಾನು?’ ಎಂದು ಕೇಳಿದ. ಹಸಿರು ದೀಪಗಳು ಅವನಿಗೆ ಕೊನೆಯವರೆಗೂ ಹಸಿರಾಗಿಯೇ ಕಂಡಿದ್ದವು.